ಅಪ್ಪಣೆ ಕೊಡುವವರು: ಮಧುಗಿರಿಯ ಪೂಜಾರಪ್ಪ, ಮರ್ಸೆಡ್‌ನ ತ್ಸಿ ನೆಂಗ್

ಮಧುಗಿರಿ, ಶಿರಾ, ಪಾವಗಡದ ಕಡೆ ಶುಕ್ರವಾರ ಮಾರಮ್ಮನ ಗುಡಿ ಮುಂದೆ ಕೂತವರ ಚೀಲದಲ್ಲಿ ಎಷ್ಟೋ ಸಲ ಆಸ್ಪತ್ರೆಯ ಚೀಟಿಯೂ ಇರುತ್ತದೆ. ಮಾತ್ರೆ ನುಂಗಿಯೇ ಬಂದಿರುತ್ತಾರೆ. ಅವರಿಗೆ ಬೇಕಾದದ್ದು ಔಷಧವಲ್ಲ, ಅಪ್ಪಣೆ. ಆಪರೇಷನ್ ಮಾಡಿಸುವುದೋ ಬೇಡವೋ, ಮಗುವನ್ನು ಬೆಂಗಳೂರಿಗೆ ಒಯ್ಯುವುದೋ ಇನ್ನೆರಡು ದಿನ ಕಾಯುವುದೋ? ಮನೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಪೂಜಾರಪ್ಪನ ಮೈಮೇಲೆ ಬಂದು ಅಮ್ಮ ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಹೊರನಾಡಿನಲ್ಲಿ ಕೂತ ನಾವು ಇದನ್ನು ಮರೆತು, ಕೆಲವರು ಮೂಢನಂಬಿಕೆ ಎಂದು, ಕೆಲವರು ಪರಂಪರೆ ಎಂದು ಜಗಳ ಆಡುತ್ತೇವೆ. ಎರಡೂ ಕಡೆಯವರು ಪೂಜಾರಪ್ಪನ ಕೆಲಸ ಏನೆಂದು ನೋಡಿದ್ದು ಕಡಿಮೆ.

ಆ ದಿನ ಅವನದು ಒಪ್ಪೊತ್ತು ಊಟ, ತಲೆಗೆ ನೀರು, ಮಡಿ ಪಂಚೆ. ಉರುಮೆಯ ಒಂದು ಮಗ್ಗುಲನ್ನು ಬಾಗಿದ ಕೋಲಿನಿಂದ ಉಜ್ಜಿ ಗುಂಯ್ಗುಡಿಸುತ್ತಾರೆ, ತಮಟೆ ಬಿರುಸಾಗುತ್ತದೆ, ಸಾಂಬ್ರಾಣಿ ಹೊಗೆ ತುಂಬುತ್ತದೆ. ಬೇವಿನಸೊಪ್ಪು ಹಿಡಿದ ಕೈ ನಡುಗಿ ದನಿ ಬದಲಾದರೆ ಮೈದುಂಬಿತು ಎಂದು ಲೆಕ್ಕ. ಪಕ್ಕದ ಹಿರಿಯರೊಬ್ಬರು ಕೇಳುತ್ತಾರೆ: "ಯಾಕವ್ವ ಹಿಂಗ್ ಮಾಡ್ದೆ? ಬಾಯ್ಬಿಟ್ ಹೇಳವ್ವ." ಈ ಹಿರಿಯರನ್ನು ಯಾರೂ ಗಮನಿಸುವುದಿಲ್ಲ, ಆದರೆ ಅರ್ಧ ಕೆಲಸ ಅವರದೇ. ಪ್ರಶ್ನೆ ಹೇಗೆ ಹಾಕುತ್ತಾರೋ ಉತ್ತರ ಆ ದಾರಿಯಲ್ಲೇ ಬರುತ್ತದೆ. ಹರಕೆ ತಪ್ಪಿದೆ, ಮನೆದೇವರ ಪೂಜೆ ನಿಂತಿದೆ, ಗಾಳಿ ಸೋಕಿದೆ, ಕಣ್ಣು ಬಿದ್ದಿದೆ. ಆಮೇಲೆ ಪರಿಹಾರ. ಸಾಮಾನ್ಯವಾಗಿ ಮಂತ್ರಿಸಿದ ಮೂರು ನಿಂಬೆಹಣ್ಣು: ಒಂದು ಹೊಸ್ತಿಲಿಗೆ, ಒಂದು ತಲೆದಿಂಬಿಗೆ, ಒಂದು ಮೂರು ದಾರಿ ಕೂಡುವಲ್ಲಿ ಕುಯ್ದು ಎಸೆಯಲು. ತಾಮ್ರದ ತಗಡು ಸುರುಳಿ ಮಾಡಿ ಕೊಳವೆಯಲ್ಲಿಟ್ಟ ಅಂತ್ರ ತೋಳಿಗೆ. ವಾಸಿಯಾದರೆ ಕೋಳಿ, ಇಲ್ಲವೇ ತಂಬಿಟ್ಟಿನಾರತಿ.

ಕ್ಯಾಲಿಫೋರ್ನಿಯಾದ ಮರ್ಸೆಡ್, ಫ್ರೆಸ್ನೋ ಸುತ್ತಮುತ್ತ ಲಾವೋಸ್‌ನ ಬೆಟ್ಟಗಳಿಂದ 1975ರ ನಂತರ ನಿರಾಶ್ರಿತರಾಗಿ ಬಂದ ಮೊಂಗ್ ಜನ ಸಾವಿರಗಟ್ಟಲೆ ಇದ್ದಾರೆ. ಅವರಲ್ಲಿ ಆತ್ಮಗಳ ಜೊತೆ ಮಾತಾಡಿ ಕಾಯಿಲೆ ನೋಡುವ ತ್ಸಿ ನೆಂಗ್ ನಮ್ಮ ಪೂಜಾರಪ್ಪನ ದೂರದ ನೆಂಟನ ಹಾಗೆ ಕಾಣುತ್ತಾನೆ. ಅವನೂ ತಾನಾಗಿ ಈ ಕೆಲಸ ಹಿಡಿದವನಲ್ಲ. ಬಹುಕಾಲ ಕಾಯಿಲೆ ಬಿದ್ದು, ಆ ಕಾಯಿಲೆಯೇ ಕರೆ ಎಂದು ಹಿರಿಯ ತ್ಸಿ ನೆಂಗ್ ಒಬ್ಬರು ಗುರುತಿಸಿದ ಮೇಲೆ ಕಲಿತವನು. ಮುಖಕ್ಕೆ ಕಪ್ಪು ಬಟ್ಟೆ ಇಳಿಬಿಟ್ಟು ಬೆಂಚಿನ ಮೇಲೆ ಕೂರುತ್ತಾನೆ. ಆ ಬೆಂಚೇ ಅವನ ಕುದುರೆ. ಹಿಂದೆ ಒಬ್ಬರು ಜಾಗಟೆ ಬಾರಿಸುತ್ತಾರೆ. ಸೀಳಿದ ಕೋಣನ ಕೊಂಬಿನ ಎರಡು ತುಂಡು ಎಸೆದು, ಬಿದ್ದ ಬಗೆಯಲ್ಲಿ ಉತ್ತರ ಓದುತ್ತಾನೆ. ನಮ್ಮಲ್ಲಿ ದೇವರ ಬಲಗಡೆ ಹೂ ಬೀಳಲಿ ಎಂದು ಕಾದ ಹಾಗೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮಲ್ಲಿ ದೇವರು ಪೂಜಾರಪ್ಪನೊಳಗೆ ಇಳಿದು ಬರುತ್ತದೆ. ಅಲ್ಲಿ ತ್ಸಿ ನೆಂಗ್ ತಾನೇ ರೋಗಿಯ ಕಳೆದ ಆತ್ಮವನ್ನು ಹುಡುಕಿಕೊಂಡು ಹೋಗುತ್ತಾನೆ. ಬಂದ ಆತ್ಮ ಮತ್ತೆ ಜಾರದಂತೆ ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾರೆ.

ಆ ದಾರವನ್ನು ಆಸ್ಪತ್ರೆಯವರು ಕೊಳೆ ಎಂದು ಕತ್ತರಿಸಿ ಹಾಕಿದರೆ ಏನಾಗುತ್ತದೆ? ಮನೆಯವರ ಕಣ್ಣಿಗೆ ಅದು ರೋಗಿಯ ಪ್ರಾಣವನ್ನೇ ಬಿಚ್ಚಿ ಬಿಟ್ಟ ಹಾಗೆ. ಆಮೇಲೆ ಅವರು ಮಾತ್ರೆ ಕೊಡುವುದಿಲ್ಲ, ಕೊಟ್ಟೆವೆಂದು ಸುಳ್ಳು ಹೇಳುತ್ತಾರೆ. ಇಂಥ ಪೆಟ್ಟು ತಿಂದು ಕಲಿತ ಮರ್ಸೆಡ್‌ನ ಆಸ್ಪತ್ರೆ 2009ರ ಹೊತ್ತಿಗೆ ಲಿಖಿತ ನಿಯಮವನ್ನೇ ಮಾಡಿತು: ತ್ಸಿ ನೆಂಗ್‌ಗಳಿಗೆ ವೈದ್ಯಕೀಯದ ಮೊದಲ ಪಾಠ, ಗುರುತಿನ ಬಿಲ್ಲೆ, ಪಾದ್ರಿಗಳಷ್ಟೇ ಪ್ರವೇಶ, ವಾರ್ಡಿನಲ್ಲಿ ಮಾಡಬಹುದಾದ 9 ಆಚರಣೆ. ಆತ್ಮ ಕರೆಯಬಹುದು, ದನಿ ತಗ್ಗಿಸಿ ಮಂತ್ರ ಹೇಳಬಹುದು.

ಇದನ್ನು ಹಾಗೇ ತುಮಕೂರಿಗೆ ತಂದು ಊರಿ ಎನ್ನುತ್ತಿಲ್ಲ. ನಮ್ಮ ಪೂಜಾರಪ್ಪ ಆಸ್ಪತ್ರೆಗೆ ಬರುವವನಲ್ಲ, ಗುಡಿ ಬಿಟ್ಟರೆ ಅವನಿಗೆ ಮೈದುಂಬುವುದೂ ಇಲ್ಲ. ಮೊದಲು ಅವನಿಗೆ ಹೆಸರು ಬಂದದ್ದು ಹೇಗೆಂದು ನೋಡಬೇಕು. ಸರ್ಪಸುತ್ತನ್ನೇ ತೆಗೆದುಕೊಳ್ಳಿ. ಸುತ್ತು ಕೂಡಿಕೊಂಡರೆ ಜೀವ ಉಳಿಯದು ಎಂಬ ಹೆದರಿಕೆ; ಕೆಮ್ಮಣ್ಣಿನಲ್ಲಿ ಚಿತ್ರ ಬರೆದು ಮಂತ್ರಿಸಿದರೆ ಹಾವು ಅಲ್ಲೇ ನಿಲ್ಲುತ್ತದೆ ಎಂಬ ನಂಬಿಕೆ. ನಿಲ್ಲುವುದೂ ನಿಜ. ಚಿಕ್ಕಂದಿನಲ್ಲಿ 'ಅಮ್ಮ' (ಸೀತಾಳೆ ಸಿಡುಬು) ಆದಾಗ ಒಳಸೇರಿದ ವೈರಸ್ ಬೆನ್ನುಹುರಿಯ ಪಕ್ಕದ ನರದ ಬೇರಿನಲ್ಲಿ ಅಡಗಿದ್ದು, ಮುಂದೊಂದು ದಿನ ಆ ಒಂದೇ ನರದ ಗುಂಟ ಏಳುತ್ತದೆ. ಆ ನರ ಮೈಯ ನಡುಗೆರೆಗೆ ಮುಗಿಯುತ್ತದೆ. ಹಾಗಾಗಿ ಕೆಮ್ಮಣ್ಣು ಬಳಿದರೂ ಬಳಿಯದಿದ್ದರೂ ಸುತ್ತು ಸಾಮಾನ್ಯವಾಗಿ ಕೂಡುವುದಿಲ್ಲ, 2ರಿಂದ 4 ವಾರದಲ್ಲಿ ಒಣಗುತ್ತದೆ. ಕೈತಪ್ಪುವುದು ಬೇರೆ ಕಡೆ. ಅಸೈಕ್ಲೋವಿರ್ ಮಾತ್ರೆ (800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ) ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಮಂತ್ರಕ್ಕೆ ಕಾದವರ ಆ ಮೂರು ದಿನ ಕಳೆದಿರುತ್ತದೆ. ವಯಸ್ಸಾದವರಿಗೆ ಗುಳ್ಳೆ ಹೋದ ಮೇಲೂ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಹಣೆ, ಮೂಗಿನ ತುದಿಗೆ ಎದ್ದರೆ ಕಣ್ಣಿಗೇ ಅಪಾಯ.

ಚೇಳಿನದೂ ಇದೇ ಕಥೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ನಡೆದುಕೊಂಡರೆ ಚೇಳಿನ ಕಾಟ ಇಲ್ಲವೆಂಬ ನಂಬಿಕೆ ಆ ಸೀಮೆಯಲ್ಲಿ ಹಳೆಯದು. ದೊಡ್ಡ ಕರಿಚೇಳು ಕುಟುಕಿದರೆ ಸಾಮಾನ್ಯವಾಗಿ ನೋವು ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ, ಮಂತ್ರ ಮುಗಿಯುವಷ್ಟರಲ್ಲಿ ತಾನೇ ಇಳಿಯುತ್ತದೆ. ಸಣ್ಣ ಕೆಂಪು ಚೇಳು ಹಾಗಲ್ಲ. ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಅದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್.

ಹಾವಿನ ವಿಷಯದಲ್ಲಿ ಮಾತ್ರ ನನ್ನ ಕಡೆಯಿಂದ ಯಾವ ರಿಯಾಯಿತಿಯೂ ಇಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಬೇರು ಕಟ್ಟುವವನ ಕೀರ್ತಿ ನಿಂತಿರುವುದು ಇಂಥ ಕಡಿತಗಳ ಮೇಲೆ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ಊತವಿಲ್ಲ, ನೋವೂ ಇಲ್ಲವೆನ್ನುವಷ್ಟು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಇದನ್ನೇ ಗಾಳಿ ಸೋಕಿದೆ ಎಂದು ನಿವಾಳಿಸುತ್ತಾ ಕೂತರೆ ಮುಗಿಯಿತು. ವಿಷ ಏರಿದ ಲಕ್ಷಣ ಕಂಡರೆ ಮೊದಲ ಸಲಕ್ಕೇ 8ರಿಂದ 10 ವಯಲ್ ಪ್ರತಿವಿಷ ಬೇಕು, ಅದು ಗುಡಿಯಲ್ಲಿ ಸಿಗುವುದಿಲ್ಲ. 2017ರ ಕರ್ನಾಟಕದ ವಾಮಾಚಾರ ಪ್ರತಿಬಂಧ ಕಾಯ್ದೆಯೂ ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರ, ದಾರದಲ್ಲಿ ಮುಗಿಸುವುದನ್ನೇ ಅಪರಾಧ ಎನ್ನುತ್ತದೆ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ಕಾಯ್ದೆ ಹೆದರಿಸಬಹುದು, ಅಪ್ಪಣೆ ಬದಲಿಸಲಾರದು. ಅದನ್ನು ಬದಲಿಸಲು ಆ ಪಕ್ಕದ ಹಿರಿಯರಿಗೆ ಮೂರು ಪ್ರಶ್ನೆ ಹೇಳಿಕೊಟ್ಟರೂ ಸಾಕು: ಏನಾದರೂ ಕಚ್ಚಿತೇ? ರೆಪ್ಪೆ ಇಳಿದಿದೆಯೇ? ಬಸುರಿಗೆ ಕಾಮಾಲೆಯೇ? ಒಂದಕ್ಕೆ ಹೌದೆಂದರೂ ಉರುಮೆ ನಿಲ್ಲಿಸಿ, "ಮೊದ್ಲು ಆಸ್ಪತ್ರೆಗೆ ಹೋಗ್ಲಿ, ನಾನು ಹಿಂದೇನೆ ಬತ್ತೀನಿ" ಎಂದು ಅಮ್ಮನ ಬಾಯಲ್ಲೇ ಬರಬೇಕು. ಆಸ್ಪತ್ರೆಯವರದೂ ಒಂದು ಪಾಲಿದೆ. ಎಂಆರ್‌ಐಗೆ ಮುಂಚೆ ಅಂತ್ರ ತೆಗೆಯಲೇಬೇಕು, ಲೋಹ ಒಳಗೆ ಹೋಗುವಂತಿಲ್ಲ. ಕತ್ತರಿ ಹಾಕುವ ಬದಲು ಜೊತೆಗೆ ಬಂದ ಅಜ್ಜಿಯ ಕೈಯಲ್ಲೇ ಬಿಚ್ಚಿಸಿ, ಅವರ ಸೆರಗಿಗೆ ಗಂಟು ಹಾಕಿಸಿ, ಹೊರಬಂದ ಮೇಲೆ ಅವರಿಂದಲೇ ಕಟ್ಟಿಸಿದರೆ ಆಯಿತು. ಎರಡು ನಿಮಿಷದ ಕೆಲಸ.