ತಾ ಹಿಡಿದ ಮೊಲಕ್ಕೆ ಮೂರೇ ಕಾಲು

ಕೆರಾಟಿನ್ ಏನು ಸಿಗದ ವಸ್ತುವಲ್ಲ. ಕೂದಲು, ಉಗುರು, ಚರ್ಮದ ಮೇಲ್ಪದರ ಎಲ್ಲದರಲ್ಲೂ ಅದೇ. ತಲೆ ಕೆರೆದುಕೊಂಡರೆ ಪುಕ್ಕಟೆ ಉದುರುತ್ತದೆ. ತೂಕ ನೋಡಿ ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯವರನ್ನು ಕೇಳಿ. ಯಾವುದೋ ಅಪರೂಪದ ಪ್ರೋಟೀನ್ ಹುಡುಕಲು ಕೂತರೆ ಸಿಗುವುದು ತಮ್ಮದೇ ಕೈಯಿಂದ ಉದುರಿದ ಕೆರಾಟಿನ್. ಬೇಡ ಅಂದರೂ ಮೈಮೇಲೆ ಬೀಳುವ ಈ ಪ್ರೋಟೀನು, ಅದನ್ನೇ ಹಿಡಿದು ತೋರಿಸಲೆಂದು ದುಡ್ಡು ಸುರಿದು ಆ್ಯಂಟಿಬಾಡಿ (ಗೊತ್ತಾದ ಒಂದು ಪ್ರೋಟೀನಿಗೆ ಮಾತ್ರ ಅಂಟಬೇಕಾದ ಅಣು) ತರಿಸಿದ ದಿನ ಮಾತ್ರ ನಾಪತ್ತೆ!

ಮನುಷ್ಯನಲ್ಲಿ ಕೆರಾಟಿನ್ ಜೀನ್‌ಗಳೇ 54, ಒಂದೊಂದು ಕೆರಾಟಿನ್ನಿಗೂ ಒಂದೊಂದು ನಂಬರ್. ಚರ್ಮದ ತಳದ ಪದರದಲ್ಲಿ 5 ಮತ್ತು 14, ಕರುಳಿನ ಒಳಪದರದ ಎಪಿಥೀಲಿಯಲ್ ಕೋಶಗಳಲ್ಲಿ 8, 18, 20. ಗಡ್ಡೆ ಯಾವ ಅಂಗದಲ್ಲಿ ಹುಟ್ಟಿರಬಹುದು ಅಂತ ತಿಳಿಯಲು ಪೆಥಾಲಜಿಸ್ಟ್‌ಗಳು 7 ಮತ್ತು 20 ನೋಡುತ್ತಾರೆ. ನಂಬರ್ ತಪ್ಪಿದರೆ ಕಥೆಯೇ ಬೇರೆ, ಅಲ್ವಾ? ಆದರೆ ಇವೆಲ್ಲ ಅಣ್ಣತಮ್ಮಂದಿರು, ಮುಖಚಹರೆ ಹೆಚ್ಚುಕಮ್ಮಿ ಒಂದೇ. ಒಬ್ಬನನ್ನು ಹಿಡಿಯಲು ಹೋದ ಆ್ಯಂಟಿಬಾಡಿ ಕೆಲವೊಮ್ಮೆ ಮನೆಮಂದಿಯನ್ನೆಲ್ಲ ಎಳೆದು ತರುತ್ತದೆ. (ಎಲ್ಲರನ್ನೂ ಹಿಡಿಯಲೆಂದೇ ಮಾಡಿದ ಪ್ಯಾನ್-ಕೆರಾಟಿನ್ ಬೇರೆ ಇದೆ. ಅದಕ್ಕೆ ಬೇರೆ ದುಡ್ಡು.)

ಆ್ಯಂಟಿಬಾಡಿ ಜೊತೆ ಕಂಪನಿ ಕೊಡುವ ಡೇಟಾಶೀಟ್ ಮಾತ್ರ ಕಣ್ಣಿಗೆ ಹಬ್ಬ. ಕೋಶದ ಫೋಟೋದಲ್ಲಿ ನೀಲಿ ನ್ಯೂಕ್ಲಿಯಸ್, ಸುತ್ತ ಹಸಿರು ಎಳೆಗಳ ಬಲೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಗೆರೆಗಳಾಗಿ ಬಿಡಿಸುವ ಬ್ಲಾಟ್ ಪರೀಕ್ಷೆಯಲ್ಲಿ ಕೆರಾಟಿನ್ 18 ಅಂದರೆ 45 ಕಿಲೋಡಾಲ್ಟನ್ ತೂಕದ ಹತ್ತಿರ ಒಂದೇ ಒಂದು ಗೆರೆ, ಅಚ್ಚುಕಟ್ಟು. ನಿಮ್ಮ ಬ್ಲಾಟ್‌ನಲ್ಲಿ ಐದಾರು ಗೆರೆ ಬಂತಾ? ಕೆಳಗಿನ ಸಣ್ಣಕ್ಷರ ಓದಿಕೊಳ್ಳಿ: ‘ಸಂಶೋಧನೆಗೆ ಮಾತ್ರ. ಸೂಕ್ತ ಡೈಲ್ಯೂಷನ್ ಬಳಸುವವರೇ ಕಂಡುಕೊಳ್ಳಬೇಕು.’ ಡೈಲ್ಯೂಷನ್ ಅಂದರೆ ಎಷ್ಟು ತೆಳು ಮಾಡಬೇಕು ಅನ್ನೋದು. ಸೀಸೆಯಲ್ಲಿ ಇರುವುದೇ 100 ಮೈಕ್ರೋಲೀಟರ್. ಕಂಡುಕೊಳ್ಳುವಷ್ಟರಲ್ಲಿ ತಳ ಕಾಣುತ್ತದೆ.

ಪಾಲಿಕ್ಲೋನಲ್ ಆದರೆ ಇನ್ನೂ ಮಜಾ. ಅದು ಹಲವು ಬಗೆಯ ಆ್ಯಂಟಿಬಾಡಿಗಳ ಮಿಶ್ರಣ, ಹೆಚ್ಚಾಗಿ ಮೊಲದ ರಕ್ತದಿಂದ ಬಂದದ್ದು. ಆ ಮೊಲ ಕಣ್ಮುಚ್ಚಿದರೆ ಮುಂದಿನ ಲಾಟ್ ಇನ್ನೊಂದು ಮೊಲದ್ದು. ಕ್ಯಾಟಲಾಗ್ ನಂಬರ್ ಮಾತ್ರ ಅದೇ. ಈ ಮೊಲದ ಹಂಗೇ ಬೇಡ ಅಂತ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲೇ ಮೊನೊಕ್ಲೋನಲ್ (ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಆ್ಯಂಟಿಬಾಡಿ ಪಡೆಯುವ) ದಾರಿ ತೋರಿಸಿದರು, 1984ರಲ್ಲಿ ನೊಬೆಲ್ಲೂ ಬಂತು. ಆದರೂ 2015ರಲ್ಲಿ ನೂರಕ್ಕೂ ಜಾಸ್ತಿ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಗೋಳಾಡಿದರು: ಆ್ಯಂಟಿಬಾಡಿಗಳನ್ನು ಅವುಗಳ ಸೀಕ್ವೆನ್ಸ್ (ಅಣುವಿನ ರಚನೆಯ ಕ್ರಮ) ನೋಡಿ ಗುರುತಿಸಿ, ಸುಮ್ನೆ ಲೇಬಲ್ ನಂಬಬೇಡಿ ಅಂತ. ಕೇಳಿದವರು ತಲೆಯಾಡಿಸಿದರು. ಆಮೇಲೆ ಹಳೇ ಕ್ಯಾಟಲಾಗ್ ತೆರೆದು, ಹಿಂದಿನ ಪೇಪರ್‌ನಲ್ಲಿ ಯಾರೋ ಬಳಸಿದ್ದ ಅದೇ ನಂಬರಿಗೆ ಆರ್ಡರ್ ಕಳಿಸಿದರು.

ಗ್ಯಾರಂಟಿ ಇಲ್ಲವೇ? ಧಾರಾಳವಾಗಿ ಇದೆ. ಕೆಲಸ ಮಾಡದಿದ್ದರೆ ಫಾರ್ಮ್ ತುಂಬಿ, ಬ್ಲಾಟ್ ಫೋಟೋ ಹಚ್ಚಿ ಕಳಿಸಬೇಕು. ಉತ್ತರ ಬೇಗ ಬರುತ್ತದೆ: ‘ನಾವು ಹೇಳಿದ ಡೈಲ್ಯೂಷನ್ನನ್ನೇ ಬಳಸಿದ್ದೀರಾ?’