ನೀರಲ್ಲಿ ಮುಳುಗಿದ ಹೂಚಟ್ಟಿ

ಇವತ್ತು ಬೆಳಿಗ್ಗೆ ಅಕ್ವೇರಿಯಂ ಮುಚ್ಚಳ ತೆಗೆದರೆ ಮೋರಿ ವಾಸನೆ. ಮೂಲೆಯಲ್ಲಿದ್ದ ನೇರಳೆ ಎಲೆಯ ಗಿಡವನ್ನು ಮೆಲ್ಲಗೆ ಎತ್ತಿದೆ. ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಕಪ್ಪು ಲೋಳೆಯಾಗಿ ಕಲ್ಲಿನ ಮೇಲೆ ಹರಡಿಕೊಂಡಿತು. ಆರು ಗಪ್ಪಿಗಳಲ್ಲಿ ಒಂದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಹೊರಗೆ ಮಳೆ, ಮನೆಯಲ್ಲಿ ಕರೆಂಟಿಲ್ಲ, ಕಾಫಿ ಇನ್ನೂ ಆಗಿಲ್ಲ. ಇಂಥ ಹೊತ್ತಲ್ಲೇ ಅಮ್ಮ ಹಿಂದೆ ಬಂದು ನಿಂತು, "ನಾನು ಅವತ್ತೇ ಹೇಳಿದ್ದೆ" ಅಂದಳು.

ಹೇಳಿದ್ದು ನಿಜ. ಅದಕ್ಕೇ ಜಾಸ್ತಿ ಉರಿಯಿತು.

ಗಿಡ ತಂದದ್ದು ಜೂನ್ ಮೊದಲ ವಾರ, ಮೈಸೂರಿನ ಒಂದು ಅಂಗಡಿಯಿಂದ. ಮಗಳಿಗೆ ಪ್ಲಾಸ್ಟಿಕ್ ಗಿಡ ಬೇಡವಂತೆ, "ಅಪ್ಪ, ನಿಜವಾದದ್ದೇ ಬೇಕು". ಅಂಗಡಿಯ ತೊಟ್ಟಿಯಲ್ಲಿ ಐದು ನಮೂನೆ ಗಿಡ ನೀರಿನೊಳಗೆ ಮಿಂಚುತ್ತಿದ್ದವು. "ಇವೆಲ್ಲ ನೀರಿನೊಳಗೇ ಇರುತ್ತವಾ?" ಅಂತ ಕೇಳಿದೆ. "ಆಗುತ್ತೆ ಸಾರ್" ಅಂದ ಅಂಗಡಿಯವ. "ನಮ್ಮದು ಮಡಿಕೇರಿ, ಚಳಿ ಜಾಸ್ತಿ." "ಮಡಿಕೇರಿನಾ? ಹಾಗಾದ್ರೆ ಆಗೇ ಆಗುತ್ತೆ ಸಾರ್." ನನಗೂ ಸರಿ ಅನಿಸಿತು. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳದ ಗಿಡ, ತಂತಿಯ ಮೇಲಿನ ಬಟ್ಟೆ, ಡಬ್ಬಿಯಲ್ಲಿರುವ ಉಪ್ಪು, ಎಲ್ಲವೂ ನೀರಲ್ಲೇ ಇರುತ್ತವೆ. ಕಪಾಟಿನೊಳಗಿನ ಶೂಗೂ ಬೂಷ್ಟು ಹಿಡಿಯುತ್ತದೆ. ಇಂಥ ಊರಲ್ಲಿ ಯಾವ ಗಿಡ ತಾನೆ ನೀರಿಗೆ ಹೆದರೀತು? ಆರುನೂರ ನಲವತ್ತು ರೂಪಾಯಿ ಕೊಟ್ಟೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದೆ. ಆನೆಕಾಡಿನ ತಿರುವುಗಳಲ್ಲಿ ಅರ್ಧ ನೀರು ಪ್ಯಾಂಟಿಗೇ ಆಯಿತು.

ಈಗ ನಮ್ಮ ಅಮ್ಮನ ಒಂದು ಅಭ್ಯಾಸ ಹೇಳಬೇಕು. ಅವಳು ಬರಿಗೈಯಲ್ಲಿ ಯಾರ ಮನೆಯಿಂದಲೂ ವಾಪಸ್ ಬಂದವಳಲ್ಲ. ಮದುವೆಗೆ ಹೋದರೆ ಊಟಕ್ಕೆ ಮೊದಲು ಆ ಮನೆಯ ಅಂಗಳಕ್ಕೆ ಒಂದು ಸುತ್ತು. ಡಾಕ್ಟರ ಹತ್ತಿರ ಹೋದರೆ ಟೋಕನ್ ತೆಗೆದುಕೊಂಡು, ಬಾಗಿಲಲ್ಲಿರುವ ಚಟ್ಟಿಗಳ ಯೋಗಕ್ಷೇಮ ವಿಚಾರಿಸುತ್ತಾಳೆ. ಅವಳ ಕೈಚೀಲದಲ್ಲಿ ಕನ್ನಡಕ, ಬಿಪಿ ಮಾತ್ರೆ, ಒಂದು ಸಣ್ಣ ಚಾಕು, ನಾಲ್ಕು ಮಡಿಕೆ ಹಳೇ ಪೇಪರ್ ಇರಲೇಬೇಕು. ಪೇಪರ್ ಒದ್ದೆ ಮಾಡಿ ಕಡ್ಡಿ ಸುತ್ತುವುದಕ್ಕೆ. ಕೇಳಿ ತಂದ ಕಡ್ಡಿಗಿಂತ ಕೇಳದೆ ತಂದ ಕಡ್ಡಿ ಬೇಗ ಬೇರು ಬಿಡುತ್ತದೆ ಅನ್ನುವುದು ಅವಳ ಸಿದ್ಧಾಂತ. ಒಮ್ಮೆ ಒಬ್ಬರ ಮನೆಗೆ ಸಾವಿಗೆ ಹೋಗಿದ್ದೆವು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕುಶಾಲನಗರ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಪೇಪರ್ ಸರಸರ ಅಂತು. "ಪಾಪ, ಒಳ್ಳೆ ಮನುಷ್ಯ. ಈ ಕ್ರೋಟನ್ ಅವರೇ ನೆಟ್ಟದ್ದಂತೆ" ಅಂದಳು. ಆ ಕ್ರೋಟನ್ ಈಗ ನನ್ನೆತ್ತರ ಇದೆ.

ಇಂಥವಳ ಎದುರು ನಾನು ಚೀಲ ಬಿಚ್ಚಿದೆ. ಅಮ್ಮ ಒಂದೊಂದನ್ನೇ ಎತ್ತಿ ನೋಡಿದಳು. "ಇದು ಮೆಟ್ಟಿಲ ಹತ್ತಿರ ಇದೆಯಲ್ಲ, ಬಿಳಿ ಪಟ್ಟೆ ಹುಲ್ಲು." ಸ್ಪೈಡರ್ ಪ್ಲಾಂಟ್. "ಇದು ಕಂಬಕ್ಕೆ ಹಬ್ಬಿದೆಯಲ್ಲ." ಸಿಂಗೋನಿಯಂ. "ಇದು ಬ್ಯಾಂಕಿನವರ ಮೇಜಿನ ಮೇಲೆ ಇರುತ್ತದೆ." ಲಕ್ಕಿ ಬ್ಯಾಂಬೂ. ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿಯದು ಅಂತ ನಾನು ವಿದ್ಯೆ ತೋರಿಸಿದೆ. "ಹಾಗಾದರೆ ಇನ್ನೂ ಮೋಸ" ಅಂದಳು. ನೇರಳೆ ಎಲೆಯದನ್ನು ತಿರುಗಿಸಿ ನೋಡಿ, "ಎಂತ ಮಾರಾಯ, ಇದು ನಮ್ಮ ಮದ್ದು ಸೊಪ್ಪಿನ ಸಂಬಂಧಿಯ ಹಾಗಿದೆ. ಇದನ್ನು ಮುಳುಗಿಸ್ತೀಯಾ?" ಅಂದಳು. ನಾನು ನಕ್ಕೆ. ಆಮೇಲೆ ಗುಟ್ಟಾಗಿ ಹುಡುಕಿದೆ. ಅದರ ಹೆಸರು ಹೆಮಿಗ್ರಾಫಿಸ್. ಕಕ್ಕಡ ಅನ್ನುವ ಮಳೆಗಾಲದ ತಿಂಗಳ ಹದಿನೆಂಟಕ್ಕೆ ನಾವು ಕೊಡಗಿನವರು ಪಾಯಸ ಮಾಡುವ ಮದ್ದು ಸೊಪ್ಪು, ಇದು, ಎರಡೂ ಅಕ್ಯಾಂಥೇಸಿ ಅನ್ನುವ ಒಂದೇ ಕುಟುಂಬ. ಈ ಸಂಗತಿಯನ್ನು ಇಂದಿನವರೆಗೂ ಅಮ್ಮನಿಗೆ ಹೇಳಿಲ್ಲ.

ಐದನೆಯದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ. ಕ್ರಿಪ್ಟೊಕೊರೈನ್ ಅಂತ ಚೀಟಿ ಇತ್ತು. ನೆಟ್ಟ ಒಂದೇ ವಾರಕ್ಕೆ ಅದರ ಎಲೆಗಳೆಲ್ಲ ಅಂಬಲಿಯ ಹಾಗೆ ಕರಗಿದವು. ಉಳಿದ ನಾಲ್ಕೂ ಹಸಿರಾಗಿ, ನೆಟ್ಟಗೆ ನಿಂತಿದ್ದವು. ಕ್ರಿಪ್ಟೊವನ್ನು ಕಿತ್ತು ಬಿಸಾಡಿ, "ನೋಡಮ್ಮ, ನಿನಗೆ ಗೊತ್ತಿಲ್ಲದ್ದೇ ಸತ್ತಿತು" ಅಂತ ಎರಡು ತಿಂಗಳು ಮೆರೆದೆ.

ಇವತ್ತು ಕೈಯಲ್ಲಿ ಕೊಳೆತ ದಂಟು ಹಿಡಿದುಕೊಂಡು ಉಳಿದ ಮೂರನ್ನೂ ಒಂದೊಂದಾಗಿ ಹೊರಗೆಳೆದೆ. ಮೂರೂ ಗಾಳಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರರ ಹಾಗೆ ಸೆಟೆದು ನಿಂತವು. ಆಗ ಹೊಳೆಯಿತು. ನಿಜವಾದ ನೀರಿನ ಗಿಡ ಸಾಮಾನ್ಯವಾಗಿ ಹೀಗೆ ನಿಲ್ಲುವುದಿಲ್ಲ, ಎಷ್ಟೋ ಜಾತಿಗಳು ಹೊರಗೆ ತೆಗೆದರೆ ಬೆಂದ ನೂಲ್‌ಪುಟ್ಟಿನ (ನಮ್ಮ ಅಕ್ಕಿ ಶ್ಯಾವಿಗೆ) ಹಾಗೆ ಕೈಮೇಲೆ ಬೀಳುತ್ತವೆ. ನೀರೇ ಎತ್ತಿ ಹಿಡಿಯುವಾಗ ಅವಕ್ಕೆ ಗಟ್ಟಿ ಬೆನ್ನು ಯಾಕೆ? ಎಲೆ ತೆಳ್ಳಗೆ, ಮೇಣದ ಹೊದಿಕೆ ಇದ್ದೂ ಇಲ್ಲದ ಹಾಗೆ. ಬೇಕಾದ್ದನ್ನು ಬೇರಿನಿಂದ ಮಾತ್ರವಲ್ಲ, ಮೈಯಿಂದಲೂ ಹೀರುತ್ತವೆ. ನೆಲದ ಗಿಡ ಮೇಣದ ರೈನ್‌ಕೋಟ್ ಹಾಕಿಕೊಂಡೇ ಹುಟ್ಟಿದ್ದು. ಅದನ್ನು ಮುಳುಗಿಸಿದರೆ ದಂಟಿನಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡು, ಒಂದೆರಡು ತಿಂಗಳು ನಗುನಗುತ್ತಾ ಉಪವಾಸ ಸಾಯುತ್ತದೆ. ಕೊಳೆತ ಮೇಲೆ ಅಮೋನಿಯ ಬಿಟ್ಟು ಮೀನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. (ಅನುಬಿಯಾಸ್, ಜಾವಾ ಫರ್ನ್ ಅನ್ನುವ ಅಕ್ವೇರಿಯಂ ಗಿಡಗಳು ಸೆಟೆದೂ ನಿಲ್ಲುತ್ತವೆ, ನೀರಲ್ಲೂ ಬದುಕುತ್ತವೆ. ಸುಬೇದಾರರಲ್ಲೂ ಈಜು ಬರುವವರು ಇದ್ದಾರೆ.)

ಇದನ್ನು ಕಲಿಯಲು ನನಗೆ ಯಾವ ಪುಸ್ತಕವೂ ಬೇಕಿರಲಿಲ್ಲ ಅನ್ನುವುದೇ ಬೇಜಾರು. ಚಿಕ್ಕವರಿದ್ದಾಗ ಗದ್ದೆ ಬದಿಯ ತೋಡಿನಲ್ಲಿ ಏಡಿ ಹಿಡಿಯಲು ಇಳಿಯುತ್ತಿದ್ದೆವು. ನೀರಿನೊಳಗೆ ಉದ್ದ ಹುಲ್ಲಿನಂಥ ಒಂದು ಗಿಡ ಹರಿವಿನ ಜೊತೆ ಕೂದಲ ಹಾಗೆ ಆಡುತ್ತಿತ್ತು. ಕಿತ್ತು ಮೂಗಿನ ಕೆಳಗೆ ಇಟ್ಟರೆ ಮೀಸೆ. ಎಷ್ಟು ಹುರಿ ಮಾಡಿದರೂ ಜೋಲು ಮೀಸೆಯೇ. ಅಣ್ಣ ದಿನಾ ಹುರಿ ಮಾಡುತ್ತಿದ್ದ. ಆ ಗದ್ದೆ ಉತ್ತು ವರ್ಷಗಳಾದವು. ತೋಡಿನ ಜಾಗದಲ್ಲಿ ಈಗ ಮುಳ್ಳುಪೊದೆ. ಮಗಳಿಗೆ ಆ ಗಿಡ ತೋರಿಸೋಣ ಅಂದರೆ ಮೈಸೂರಿಗೇ ಹೋಗಬೇಕು, ಅಲ್ಲಿ ಈ ಸ್ಪೈಡರ್ ಪ್ಲಾಂಟ್ ಕೊಡುತ್ತಾರೆ.

ಕೊಳೆತದ್ದನ್ನು ಎಸೆಯಲು ಹಿತ್ತಲಿಗೆ ಹೋದೆ. ಸೂರಿನ ನೀರು ಬೀಳುವಲ್ಲಿ ಅಮ್ಮನ ಒಡಕು ಬಕೆಟ್ ಇದೆ. ತಳದ ಕೆಸರಿನಿಂದ, ಒಂದು ಗೇಣು ನೀರಿನ ಅಡಿಯಲ್ಲಿ, ಕಂದು ಬಣ್ಣದ ಆರೇಳು ಸಣ್ಣ ಎಲೆಗಳು ಎದ್ದಿದ್ದವು. ಕ್ರಿಪ್ಟೊ!

"ನೀನು ಬಿಸಾಡಿದ್ದೆಯಲ್ಲ. ಬೇರು ಗಟ್ಟಿ ಇತ್ತು, ಸುಮ್ನೆ ಹಾಕಿಟ್ಟೆ" ಅಂದಳು ಅಮ್ಮ.

ಜಾಗ ಬದಲಾದರೆ ಅದು ಹಳೇ ಎಲೆ ಕರಗಿಸಿ ಹೊಸದು ಬಿಡುತ್ತದಂತೆ. ಇನ್ನು ಕೆಲವು ವಾರ ಕಾದಿದ್ದರೆ ಸಾಕಿತ್ತು. ಐದರಲ್ಲಿ ನಿಜವಾದ ನೀರಿನ ಗಿಡ ಅದೊಂದೇ, ಅದೊಂದನ್ನೇ ನಾನು ಎಸೆದದ್ದು.

ಅಷ್ಟರಲ್ಲಿ ಅಮ್ಮ ನನ್ನ ಕೈಯಿಂದ ನೇರಳೆ ಗಿಡದ ಮೇಲಿನ ಅರ್ಧ ತೆಗೆದುಕೊಂಡು, ಚಾಕುವಿನಲ್ಲಿ ಕೊಳೆತ ತುದಿ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿಯಾಗಿತ್ತು. ಸುಬೇದಾರರ ಹೆಂಡತಿ ಒಂದು ಕಡ್ಡಿ ಕೇಳಿದ್ದರಂತೆ.

"ನೀರಿಗೆ ಹಾಕಬೇಡಿ ಅಂತ ಅವರಿಗೆ ಹೇಳು" ಅಂದೆ.

"ನೀರಿಗೆ ಯಾರು ಹಾಕ್ತಾರೆ ಮಾರಾಯ?" ಅಂದಳು.