ಒಟ್ಟಿಗೆ ಬದುಕಲು ಕೋರ್ಸು, ಊಟ ವಸತಿ ಸಹಿತ

ಆ ಆಮಂತ್ರಣ ನಿಮ್ಮ ವಾಟ್ಸ್ಆಪ್ ಗ್ರೂಪಿಗೂ ಬಂದಿರುತ್ತದೆ ಬಿಡಿ. ಶಿರಸಿ ಸೀಮೆಯಲ್ಲಿ ಅದು ಬಾರದ ಗ್ರೂಪು ಉಳಿದಂತಿಲ್ಲ. ನಮ್ಮೂರ ಹಾಲಿನ ಡೇರಿ ಗ್ರೂಪಿನಲ್ಲಿ ಫ್ಯಾಟ್ ರೇಟಿಗೂ, ಯಾರದೋ ಕಳೆದುಹೋದ ಎಮ್ಮೆಯ ಫೋಟೋಕ್ಕೂ ನಡುವೆ ಬಂದು ಕೂತಿತ್ತು. ಘಟ್ಟದ ಅಂಚಿನ ಇಕೋ ವಿಲೇಜಿನವರು, ಅಂದರೆ ಪ್ರಕೃತಿಯ ಜೊತೆ ಒಟ್ಟಾಗಿ ಬದುಕುತ್ತೇವೆ ಅಂತ ಜಾಗ ಮಾಡಿಕೊಂಡಿರುವ ಹೊಸಬರು, ಡಿಸೆಂಬರಿನಲ್ಲಿ ಮೂರು ದಿನದ ಶಿಬಿರ ಮಾಡುತ್ತಾರಂತೆ. ವಿಷಯ: ಸೋಶಿಯಲ್ ಪರ್ಮಾಕಲ್ಚರ್ ಮತ್ತು ಸೃಜನಶೀಲ ಸಮುದಾಯ ಜೀವನ. ಬಿಡಿಸಿ ಹೇಳಿದರೆ, ಅಕ್ಕಪಕ್ಕದವರ ಜೊತೆ ಹೊಂದಿಕೊಂಡು ಬದುಕುವುದು ಹೇಗೆ ಅಂತ ಕಲಿಸುವುದು. ಶುಲ್ಕ 14,500 ರೂಪಾಯಿ. ಬೇಗ ಕಟ್ಟಿದವರಿಗೆ ರಿಯಾಯಿತಿ. ಸ್ವಂತ ಟೆಂಟ್ ತಂದರೆ ಇನ್ನಷ್ಟು ರಿಯಾಯಿತಿ.

ಪಕ್ಕದ ಮನೆ ಭಾವನಿಗೆ ಓದಿ ಹೇಳಿದೆ. ಅವನು ಅಂಗಳದ ತುದಿಗೆ ಹೋಗಿ ಕವಳ ಉಗಿದು ಬಂದ.

"ಎಂತ ಕಲಿಸ್ತ್ವಡ?"

"ನೆರೆಮನೆಯವರ ಸಂತಿಗೆ ಜಗಳ ಇಲ್ದೇ ಬದುಕದು."

"ಜಗಳ ಇಲ್ದೇ ಹೋದ್ರೆ ನೆರೆಮನೆ ಹೇಳಿ ಗೊತ್ತಪ್ಪದು ಹೆಂಗೆ?"

ಭಾವ ಈ ವಿಷಯದಲ್ಲಿ ಅನುಭವಸ್ಥ. ತೋಟದ ಒಂದು ಕಾದಿಗೆ, ಅಂದರೆ ನೀರು ಬಸಿಯುವ ಕಾಲುವೆ, ಯಾರ ಕಡೆ ಸೇರಿದ್ದು ಎಂಬ ಕಾರಣಕ್ಕೆ ಅವನಿಗೂ ಅವನ ಸ್ವಂತ ತಮ್ಮನಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ. ಎರಡೂ ಮನೆಗೆ ಗೋಡೆ ಒಂದೇ. ಎರಡು ವರ್ಷದ ಹಿಂದೆ ಮಳೆಗಾಲದ ನಡುರಾತ್ರಿ ತಮ್ಮನಿಗೆ ಎದೆ ನೋವು ಬಂತು. ಭಾವ ಜೀಪು ತೆಗೆದ. ಹುಬ್ಬಳ್ಳಿವರೆಗೆ ಒಯ್ದ. ಹುಬ್ಬಳ್ಳಿಗೇ ಯಾಕೆ ಅಂದರೆ, ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡುವುದೇ ರೂಢಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಎಲ್ಲರೂ ಕೂಗಿದ್ದು ನೆನಪಿರಬಹುದು. ಇರಲಿ. ನೂರು ಕಿಲೋಮೀಟರ್ ಅಣ್ಣ ತಮ್ಮ ಇಬ್ಬರೂ ಒಂದೂ ಮಾತಾಡಲಿಲ್ಲ. ಭಾವ ಆಸ್ಪತ್ರೆಗೆ ಸೇರಿಸಿ, ಕಾಗದಕ್ಕೆ ಸಹಿ ಹಾಕಿ, ದುಡ್ಡು ಕಟ್ಟಿ, ವಾಪಸ್ ಬಂದು ಎಮ್ಮೆ ಕರೆದ. ಈಗಲೂ ಮಾತಿಲ್ಲ. ಇದು ಶಿಬಿರದ ಯಾವ ದಿನದ ಪಾಠದಲ್ಲಿ ಬರುತ್ತದೆ ಅಂತ ಆಮಂತ್ರಣ ಪೂರ್ತಿ ಹುಡುಕಿದೆ. ಸಿಗಲಿಲ್ಲ.

ಹಾಗಂತ ನಾನು ಪರ್ಮಾಕಲ್ಚರಿನ ವಿರೋಧಿ ಅಂದುಕೊಳ್ಳಬೇಡಿ. ಪ್ರಕೃತಿಯ ರೀತಿ ನೋಡಿ ಕೃಷಿ ಮಾಡುವ ಪದ್ಧತಿ ಅದು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಈ ಹೆಸರಿಟ್ಟು ಪುಸ್ತಕ ತಂದರು. ಅವರ ಮಾತಿನ ಸಾರ ಇಷ್ಟು: ಭೂಮಿಯನ್ನು ನೋಡಿಕೊಳ್ಳಿ, ಜನರನ್ನು ನೋಡಿಕೊಳ್ಳಿ, ಹೆಚ್ಚಾದದ್ದನ್ನು ಹಂಚಿಕೊಳ್ಳಿ. ಇದಕ್ಕೆ ಯಾರು ತಕರಾರು ತೆಗೆಯುತ್ತಾರೆ? ಮಣ್ಣಿಗೆ ಮಾಡುವ ಉಪಚಾರವನ್ನೇ ಮನುಷ್ಯರ ನಡುವಿನ ಸಂಬಂಧಕ್ಕೂ ಮಾಡಿದರೆ ಅದು ಸೋಶಿಯಲ್ ಪರ್ಮಾಕಲ್ಚರ್. ನಮ್ಮ ತೋಟವೂ ಹಾಗೇ ಅಲ್ವಾ? ಮೇಲೆ ಅಡಿಕೆ, ಅದನ್ನು ತಬ್ಬಿ ಕಾಳುಮೆಣಸು, ಅದರ ಕೆಳಗೆ ಬಾಳೆ, ಬುಡದಲ್ಲಿ ಯಾಲಕ್ಕಿ. ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ. ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ನಮ್ಮ ಅಜ್ಜ ಬದುಕಿಡೀ ಇದನ್ನೇ ಮಾಡಿದ. ಹೆಸರು ಗೊತ್ತಿಲ್ಲದೆ ಸತ್ತ, ಪಾಪ.

ಹೋದ ವರ್ಷ 'ಊರವರಿಗೆ ಉಚಿತ ದಿನ' ಅಂತ ಕರೆದಿದ್ದರು. ನಾನೂ ಭಾವನೂ ಹೋದೆವು. ಕನ್ನಡಕದ ಹುಡುಗನೊಬ್ಬ ತೋರಿಸಲು ಬಂದ. ಆರು ತಿಂಗಳ ಹಿಂದಿನವರೆಗೆ ಸಾಫ್ಟ್‌ವೇರಿನಲ್ಲಿದ್ದನಂತೆ. ಒಂದು ಹಿಡಿ ದರಕು ಎತ್ತಿ ನಮ್ಮ ಮುಖದ ಮುಂದೆ ಹಿಡಿದು, "ಇದು ಡ್ರೈ ಬಯೋಮಾಸ್ ಅಂಕಲ್, ಬಂಗಾರ" ಅಂದ. ಪ್ರಸಾದದ ಹಾಗೆ ಕೊಟ್ಟ. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಏನು ಹೇಳಲಿ, ಹುಡುಗ ಒಳ್ಳೆಯವ.

ಆಮೇಲೆ ವೃತ್ತದಲ್ಲಿ ಕೂರಿಸಿದರು. ಅವರ ಆಡಳಿತ ನಡೆಯುವುದು ಸೋಶಿಯೋಕ್ರಸಿಯಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬೆಳೆದ ಪದ್ಧತಿ. ಬಹುಮತದ ಮಾತಿಲ್ಲ. ಯಾರಿಗೂ ಗಟ್ಟಿ ಆಕ್ಷೇಪ ಇಲ್ಲ ಅಂತಾದ ಮೇಲೆಯೇ ನಿರ್ಧಾರ. ಕೈಯಲ್ಲಿ ಕೋಲು ಇದ್ದವರು ಮಾತ್ರ ಮಾತಾಡಬೇಕು. ಮೆಚ್ಚುಗೆಯಾದರೆ ಚಪ್ಪಾಳೆ ತಟ್ಟುವಂತಿಲ್ಲ, ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಬೇಕು. ಸಂಜೆ ಸೊಳ್ಳೆ ಓಡಿಸುವುದಕ್ಕೂ ಅನುಕೂಲ. ಅವತ್ತಿನ ವಿಷಯ, ನಾಯಿ ಅಡುಗೆಮನೆಗೆ ಬರಬಹುದೇ ಇಲ್ಲವೇ. ಒಂದೂವರೆ ತಾಸು ಕೋಲು ಸುತ್ತಿತು. ಅಷ್ಟರಲ್ಲಿ ನಾಯಿ ಒಳಗೆ ಹೋಗಿ, ತಿಂದು, ಹೊರಗೆ ಬಂದು ವೃತ್ತದ ನಡುವೆ ಮಲಗಿತ್ತು.

ಕೋಲು ನೋಡಿ ನನಗೆ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಬರೀ ಮಾತಿನಲ್ಲಿ ನಡೆಸುವ ಯಕ್ಷಗಾನ, ನೆನಪಾಯಿತು. ನಮ್ಮ ಕಡೆ ಅರ್ಥಧಾರಿಗಳ ಕೈಗೆ ಕೋಲು ಕೊಟ್ಟು ನೋಡಿ. ಕೊಟ್ಟವರು ಅದನ್ನು ವಾಪಸ್ ಪಡೆಯುವುದು ಮಾರನೇ ದಿನ ಬೆಳಿಗ್ಗೆಯೇ. ಸಂಧಾನಕ್ಕೆ ಬಂದ ಕೃಷ್ಣನೂ ಕೌರವನೂ ರಾತ್ರಿ ಹತ್ತಕ್ಕೆ ಶುರು ಮಾಡಿದರೆ, ಹನ್ನೆರಡಕ್ಕೆ ಧರ್ಮ ಅಂದರೇನು ಅಂತಾಗುತ್ತದೆ. ಎರಡಕ್ಕೆ ಒಬ್ಬರ ಕುಲಗೋತ್ರಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ. ಮೂರಕ್ಕೆ ಭಾಗವತರು ಪದ ಎತ್ತಿ ಬಾಯಿ ಮುಚ್ಚಿಸಬೇಕು. ಮುಚ್ಚಿಸಿದರೂ ಮುಚ್ಚುವುದಿಲ್ಲ. ಒಂದು ಸಲ ನಮ್ಮೂರ ದೇವಸ್ಥಾನದಲ್ಲಿ ಕೌರವ ಸಂಧಾನಕ್ಕೆ ಒಪ್ಪಿಬಿಡುವ ಹಂತಕ್ಕೇ ಬಂದುಬಿಟ್ಟಿದ್ದ. ಕೃಷ್ಣನ ವಾದ ಅಷ್ಟು ಚೆನ್ನಾಗಿತ್ತು. ಹಾಗಾದರೆ ಯುದ್ಧವೇ ಇಲ್ಲವಲ್ಲ ಅಂತ ಭಾಗವತರು ಗಾಬರಿಯಾಗಿ ಜೋರಾಗಿ ತಾಳ ಕುಟ್ಟಿದರು. ಬೆಳಿಗ್ಗೆ ಐದಕ್ಕೆ ಕೃಷ್ಣ, ಕೌರವ ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋದರು. ಸೃಜನಶೀಲ ಸಮುದಾಯ ಜೀವನ ಅಂದರೆ ನನಗೆ ಗೊತ್ತಿರುವುದು ಇದು. ಇಕೋ ವಿಲೇಜಿನಲ್ಲಿ ಅದಕ್ಕೆ ಕೆಸರಿನಲ್ಲಿ ಕುಣಿಯುತ್ತಾರೆ. ಗೋಡೆ ಕಟ್ಟುವ ಮಣ್ಣು ತುಳಿಯುವುದೂ ಆಯಿತು, ಡೋಲು ಬಾರಿಸುವುದೂ ಆಯಿತು.

ಅಲ್ಲಿ ಕಾಯಂ ವಾಸಕ್ಕೆ ಹೋಗಬೇಕಾದರೆ ಉದ್ದದ ಅರ್ಜಿ ತುಂಬಬೇಕು. ಸಿಟ್ಟು ಬಂದಾಗ ಏನು ಮಾಡುತ್ತೀರಿ, ನಿಮ್ಮ ನೆರಳಿನ ಮುಖ ಯಾವುದು, ಹೀಗೆ. ಮೂರು ತಿಂಗಳು ಇಟ್ಟುಕೊಂಡು ನೋಡುತ್ತಾರೆ. ಎಲ್ಲರೂ ಒಪ್ಪಿದರೆ ನೀವು ನೆರೆಯವರು. ಭಾವನ ತಮ್ಮ ಈ ಅರ್ಜಿ ಹಾಕಿದ್ದರೆ ಮೊದಲ ಸುತ್ತಿಗೇ ಬಿದ್ದುಹೋಗುತ್ತಿದ್ದ. ಭಾವನೂ ಅಷ್ಟೇ. ನಾನೂ. ನಮ್ಮೂರಿನಲ್ಲಿ ಪಾಸಾಗುವವರು ಇಬ್ಬರೋ ಮೂವರೋ. ಅವರು ಈಗಾಗಲೇ ಬೆಂಗಳೂರಿನಲ್ಲಿದ್ದಾರೆ.

ಪರ್ಮಾಕಲ್ಚರಿನಲ್ಲಿ ಒಂದು ಸೂತ್ರ ಇದೆ: ಮೊದಲು ಗಮನಿಸು, ಆಮೇಲೆ ಒಡನಾಡು. ನಮ್ಮಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸುವವು ಮಂಗಗಳು. ಬಾಳೆಗೊನೆ ಬಲಿಯುವವರೆಗೆ ಗಮನಿಸುತ್ತವೆ, ಆಮೇಲೆ ಒಡನಾಡುತ್ತವೆ. ಇಕೋ ವಿಲೇಜಿನವರು ಮೊದಲ ವರ್ಷ ಮಂಗಗಳೂ ಸಮುದಾಯದ ಸದಸ್ಯರು ಅಂದರು. ಎರಡನೇ ವರ್ಷ ಸೋಲಾರ್ ಬೇಲಿ ಹಾಕಿದರು. ನಗುವ ವಿಷಯ ಅಲ್ಲ, ನಾವೂ ಅಷ್ಟೇ.

ನಗಬಾರದ ಇನ್ನೊಂದು ಇದೆ. ಫೆಬ್ರವರಿಯಲ್ಲಿ ಇವರು ಬರಿಗಾಲಲ್ಲಿ ಕಾಡು ಸುತ್ತುವ ಧ್ಯಾನ ಮಾಡಿಸುತ್ತಾರೆ. ಅದು ಉಣುಗಿನ (ಉಣ್ಣೆಯ) ಕಾಲ, ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಜ್ವರ ಅದು. ನಮ್ಮ ಸಿದ್ದಾಪುರದಲ್ಲೂ ಜೀವ ತೆಗೆದಿದೆ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ನಡೆದು ಹೋಗಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಬಾಟಲಿ ಕೊಟ್ಟರೆ, "ಇದು ಆರ್ಗ್ಯಾನಿಕ್ಕಾ?" ಅಂತ ಕೇಳಿದರಂತೆ. ಅವಳು, "ಉಣುಗು ಮಾತ್ರ ಆರ್ಗ್ಯಾನಿಕ್, ಸರ್" ಅಂದು ಬಂದಳು.

ಅಲ್ಲಿ ಅಡುಗೆ ಮಾಡುವ ಹೆಂಗಸು ನಮ್ಮ ಹಳ್ಳದ ಆಚೆಯವಳು. ಅವಳ ಅವ್ವ ನಮ್ಮ ತೋಟಕ್ಕೆ ಬರುತ್ತಿದ್ದವಳು. ಮೊನ್ನೆ ದಾರಿಯಲ್ಲಿ ಸಿಕ್ಕಿದಳು.

"ಹೆಗಡೇರೆ, ಡಿಸೆಂಬರದ್ದು ಎಂತದಂತೆ?"

"ಎಲ್ಲರೂ ಒಟ್ಟಿಗೆ ಬದುಕೋದು ಕಲಿಸ್ತಾರಂತೆ."

"ಎಷ್ಟು ಜನ ಬರ್ತಾರೆ? ಇಡ್ಲಿಗೆ ಅಕ್ಕಿ ನೆನೆಸ್ಬೇಕು."

ವೃತ್ತದಲ್ಲಿ ಅವಳಿಗೆ ಜಾಗ ಇಲ್ಲ. ಕೇಳಿದರೆ, ಅವಳು ನಮ್ಮ ಸಮುದಾಯದ ಬೇರು ಅನ್ನುತ್ತಾರೆ. ಬೇರು ನೆಲದಡಿಯಲ್ಲೇ ಇರಬೇಕಲ್ವಾ, ಸರಿ. ಅವಳಿಗೆ ದಿನಗೂಲಿ. ಹಂಚಿಕೊಳ್ಳುವ ಮೂರನೇ ತತ್ವ ಅಡುಗೆಮನೆ ಬಾಗಿಲವರೆಗೆ ಬಂದು, ನಾಯಿಯ ಹಾಗೆ ಅಲ್ಲೇ ಮಲಗಿದೆ.

ಇಷ್ಟು ಬರೆದ ಮೇಲೆ ನಮ್ಮ ಕಡೆಯ ಹಿರಿಯರು ಫೋನು ಮಾಡಿ, "ಸರಿಯಾಗಿ ಬರದ್ದೆ ತಮಾ, ನಮ್ಮ ಕಾಲದಲ್ಲಿ ಎಲ್ಲಾ ಹೆಂಗೆ ಒಟ್ಟಿಗಿದ್ಯ" ಅನ್ನುತ್ತಾರೆ ಅಂತ ಗೊತ್ತು. ಹೌದು, ಇದ್ದೆವು. ಮುಯ್ಯಾಳು ಇತ್ತು, ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತ ಊರಿನ ಗುಟ್ಟೆಲ್ಲ ರಟ್ಟಾಗುತ್ತಿತ್ತು. ಆಲೆಮನೆಗೆ ಯಾರು ಬಂದರೂ ಕಬ್ಬಿನ ಹಾಲು ಸಿಗುತ್ತಿತ್ತು. ಆದರೆ ಆ ಅಡುಗೆಯವಳ ಅವ್ವನ ಊಟದ ಎಲೆ ಬೀಳುತ್ತಿದ್ದದ್ದು ಅಂಗಳದ ಅಂಚಿನಲ್ಲಿ. ಉಂಡ ಜಾಗಕ್ಕೆ ಸೆಗಣಿ ಬಳಿದು ಹೋಗುತ್ತಿದ್ದವಳೂ ಅವಳೇ. ನಾನು ಜಗಲಿ ಮೇಲೆ ಕೂತು ನೋಡುತ್ತಿದ್ದೆ. ಆ ವೃತ್ತದಲ್ಲೂ ಅವಳಿರಲಿಲ್ಲ. ಹೊಸಬರು ಕನಿಷ್ಠ ಅವಳ ಮಗಳನ್ನು ಅಕ್ಕಾ ಅನ್ನುತ್ತಾರೆ.

ಆ ಮಗಳ ಮನೆ ಇರುವುದು ಅರಣ್ಯ ಜಾಗದಲ್ಲಿ. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದಳು. ತಿರಸ್ಕಾರವಾಯಿತು. ಬುಡಕಟ್ಟು ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. 1930ರ ಕಾಗದ ಬೇಕು. ಅವಳ ಅಜ್ಜಿಗೆ ಹುಟ್ಟಿದ ವರ್ಷವೇ ಗೊತ್ತಿರಲಿಲ್ಲ. ಮಳೆಗೆ ಸೋರುವ ಸೋಗೆ ಮನೆಯಲ್ಲಿ ಯಾವ ಕಾಗದ ಉಳಿಯುತ್ತದೆ ಸ್ವಾಮಿ? ಯಾರು ಕೊಟ್ಟಿದ್ದರು ಕಾಗದ? ಈ ಕಡೆ 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ಈಗ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು. ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಕೊಂಡವನು ಪ್ರಕೃತಿಯ ಜೊತೆ ಬದುಕುವವನು, ಇದ್ದವಳು ಅತಿಕ್ರಮಣದಾರಳು. ಇದರ ಬಗ್ಗೆ ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಜೂನ್ ಬಂದರೆ ಇಕೋ ವಿಲೇಜು ಖಾಲಿ. ಸಮುದಾಯ ಜೀವನಕ್ಕೆ ಸೆಪ್ಟೆಂಬರ್‌ವರೆಗೆ ರಜೆ. ಅಡುಗೆಯವಳ ಕೂಲಿಗೂ ರಜೆ. ಹೋದ ಜೂನಿನಲ್ಲಿ ನಮ್ಮ ಹಳ್ಳದ ಕಾಲುಸಂಕ ಮೊದಲ ದೊಡ್ಡ ಮಳೆಗೇ ತೇಲಿಹೋಯಿತು. ಆಚೆಯ ಮಕ್ಕಳು ಶಾಲೆಗೆ ದಾಟುವುದು ಅದರ ಮೇಲೆ. ಪ್ರತಿ ವರ್ಷ ಎಂಟು ಹತ್ತು ಜನ ಸೇರಿ ಅಡಿಕೆ ಮರ ಕಡಿದು ಹಾಕುತ್ತಿದ್ದೆವು. ಈ ಸಲ ಊರಿನಲ್ಲಿ ಮರ ಎತ್ತುವ ರಟ್ಟೆ ಇದ್ದವರು ಲೆಕ್ಕ ಹಾಕಿದರೆ ಭಾವ, ಅಡುಗೆಯವಳ ಗಂಡ, ಸೊಂಟ ನೋವಿನ ನಾನು. ಇಕೋ ವಿಲೇಜಿನ ನಂಬರಿಗೆ ಮೆಸೇಜು ಹಾಕಿದೆ. "ಮನಸ್ಸಿನಿಂದ ನಿಮ್ಮ ಜೊತೆ ಇದ್ದೇವೆ" ಅಂತ ಉತ್ತರ ಬಂತು, ಜೊತೆಗೆ ಕೈಮುಗಿದ ಚಿತ್ರ, ಒಂದು ಎಲೆ.

ಆದರೆ ಕನ್ನಡಕದ ಹುಡುಗ ಬಂದ. ನಾಯಿ ನೋಡಿಕೊಳ್ಳಲು ಅವನೊಬ್ಬನನ್ನೇ ಬಿಟ್ಟು ಹೋಗಿದ್ದರು. ಗುಂಡಿ ಕೊಡೆ, ಕಾಲ ತುಂಬ ಉಂಬಳ (ಜಿಗಣೆ). "ಯಾವಾಗ ಎತ್ತಬೇಕು ಅಂತ ಯಾರು ಹೇಳ್ತಾರೆ ಅಂಕಲ್?" ಅಂದ. "ಎತ್ತೋ!" ಅಂದ ಭಾವ. ಆಗಲೇ ಆಚೆ ದಡದಲ್ಲಿ ಇನ್ನೊಬ್ಬ ಬಂದು ಮರದ ತುದಿ ಹಿಡಿದ. ಭಾವನ ತಮ್ಮ. ಯಾರೂ ಕರೆದಿರಲಿಲ್ಲ. ಎರಡು ತಾಸು ಕೆಲಸ, ಇಬ್ಬರ ನಡುವೆ ಒಂದೂ ಮಾತಿಲ್ಲ. ಹುಡುಗ ಮೆಲ್ಲಗೆ ಕೇಳಿದ, "ಅವರು ನಿಮಗೆ ಏನಾಗಬೇಕು?"

"ನೆರೆಮನೆ" ಅಂದ ಭಾವ.

ಡಿಸೆಂಬರಿನ ಆಮಂತ್ರಣದ ಕೊನೆ ನೋಡಿ. ಎರಡನೇ ದಿನ ಮಧ್ಯಾಹ್ನ, 'ಸಮುದಾಯ ಸೇತುವೆ, ಅನುಭವ ಗೋಷ್ಠಿ'. ಅಲ್ಲಿರುವ ಫೋಟೋ ನಮ್ಮ ಕಾಲುಸಂಕದ್ದು, ಹುಡುಗ ಅವತ್ತು ಮೊಬೈಲಿನಲ್ಲಿ ತೆಗೆದದ್ದು. ಒಂದು ತುದಿಯಲ್ಲಿ ಭಾವ, ಇನ್ನೊಂದು ತುದಿಯಲ್ಲಿ ತಮ್ಮ. ನನ್ನ ಕೊಡೆಯೂ ಇದೆ. ಅಡುಗೆಯವಳ ಗಂಡ ಇಲ್ಲ. ಅವನು ಕೆಳಗೆ, ಸೊಂಟದ ಮಟ್ಟದ ನೀರಿನಲ್ಲಿ, ಮರಕ್ಕೆ ಹೆಗಲು ಕೊಟ್ಟು ನಿಂತಿದ್ದ.

ಭಾವ ನನ್ನ ಮೊಬೈಲು ಇಸಕೊಂಡು ಫೋಟೋ ದೊಡ್ಡ ಮಾಡಿ ನೋಡಿದ. ತುಂಬಾ ಹೊತ್ತು ನೋಡಿದ.

"ತಮ್ಮನ ಬದಿ ತಗ್ಗಾಜು ನೋಡು. ಹೇಳನ ಅಂದ್ರೆ ಮಾತಿಲ್ಲೆ."